ಸಾಲದಿಂದ ಬಿಡುಗಡೆ

ಸಾಲವೆಂಬುದು ಇಂದು ನಿನ್ನೆ ಹುಟ್ಟಿದುದಲ್ಲ. ಬಿತ್ತನೆಯ ಕಾಲಕ್ಕೆ ಬೀಜವಿಲ್ಲದವನು ನೆರೆಯವನ ಕಣಜದಿಂದ ಕಾಳು ತಂದು, ಸುಗ್ಗಿಯಲ್ಲಿ ತಂದುದಕ್ಕಿಂತ ಹೆಚ್ಚಾಗಿ ಅಳೆದುಕೊಡುವ ಪದ್ಧತಿ ನಾಣ್ಯಗಳ ಬಳಕೆಗಿಂತಲೂ ಹಳೆಯದು. ಭಾರತೀಯರ ಚಿಂತನೆಯಲ್ಲಿ ‘ಋಣ’ ಎಂಬ ಮಾತಿಗೆ ವಿಶಾಲವಾದ ಅರ್ಥವಿದೆ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ಹೊತ್ತುಕೊಂಡೇ ಹುಟ್ಟುತ್ತಾನೆಂದು ಪ್ರಾಚೀನರು ಹೇಳಿದ್ದಾರೆ. ಪೂಜೆಯಿಂದ, ವಿದ್ಯೆಯಿಂದ, ಸತ್ಸಂತಾನದಿಂದ ತೀರಿಸಬೇಕಾದ ಆ ಋಣಗಳು ಮನುಷ್ಯನನ್ನು ಎತ್ತರಕ್ಕೆ ಒಯ್ಯುವಂಥವು. ಆದರೆ ಹಣದ ಋಣದ ಸ್ವಭಾವವೇ ಬೇರೆ. ಹಿಡಿತದಲ್ಲಿರುವಷ್ಟು ಕಾಲ ಅದು ಸೇವಕ. ಹಿಡಿತ ತಪ್ಪಿದ ದಿನ ಅದೇ ಒಡೆಯ. ಸಾಲ ತರುವಾಗಿನ ಸುಖವನ್ನೂ ಸಾಲಗಾರನು ಬಾಗಿಲಿಗೆ ಬಂದಾಗಿನ ಸಂಕಟವನ್ನೂ ಸರ್ವಜ್ಞನು ಒಂದು ತ್ರಿಪದಿಯಲ್ಲಿ ಅಕ್ಕಪಕ್ಕದಲ್ಲಿಟ್ಟು ತೋರಿಸಿದ್ದಾನೆ. ಶತಮಾನಗಳು ಕಳೆದರೂ ಆ ಮಾತು ಜನರ ನಾಲಗೆಯ ಮೇಲೆ ಉಳಿದಿರುವುದಕ್ಕೆ ಜನರ ಅನುಭವವೇ ಕಾರಣ.

ಸಾಲವೆಲ್ಲವೂ ಕೆಟ್ಟದ್ದೆಂದು ಹೇಳಲಾಗದು. ಬಾವಿ ತೋಡಿಸಲು, ಎತ್ತು ಕೊಳ್ಳಲು, ಹೊಲಿಗೆಯ ಯಂತ್ರ ತರಲು, ಮಕ್ಕಳನ್ನು ಓದಿಸಲು ಮಾಡಿದ ಸಾಲವು ಮುಂದೆ ವರಮಾನವನ್ನು ಬೆಳೆಸಿ ತನ್ನನ್ನು ತಾನೇ ತೀರಿಸಿಕೊಳ್ಳುವ ಶಕ್ತಿಯುಳ್ಳದ್ದು. ಮದುವೆಯ ಆಡಂಬರಕ್ಕೆ, ಜಾತ್ರೆ ಹಬ್ಬಗಳಿಗೆ, ನೆರೆಮನೆಯವರ ಸರಿಸಮಾನರೆನಿಸಿಕೊಳ್ಳುವ ಹಂಬಲಕ್ಕೆ ಮಾಡಿದ ಸಾಲಕ್ಕೆ ಆ ಶಕ್ತಿಯಿಲ್ಲ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಮನೆಯ ಯಜಮಾನನು ಹಾಸಿಗೆ ಹಿಡಿದಾಗ, ಮಳೆ ಕೈಕೊಟ್ಟಾಗ, ಕಾರ್ಖಾನೆ ಬಾಗಿಲು ಮುಚ್ಚಿದಾಗ ಮಾಡುವ ಸಾಲವದು. ಅದಕ್ಕೆ ಆ ಮನೆಯವರ ದುಂದುವೆಚ್ಚವು ಕಾರಣವಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಅಂಥವರಿಗೆ ಹೇಳುವುದು ನ್ಯಾಯವಲ್ಲ; ಅವರ ಹಾಸಿಗೆಯನ್ನೇ ಕಾಲವು ಕಿತ್ತುಕೊಂಡಿರುತ್ತದೆ. ಆದುದರಿಂದ ಸಾಲದಲ್ಲಿ ಬಿದ್ದವರನ್ನೆಲ್ಲ ಅವಿವೇಕಿಗಳೆಂದು ಬಗೆಯುವುದು ತಪ್ಪು. ಬಿದ್ದವರು ಏಳುವ ಬಗೆಯನ್ನು ತಿಳಿಯುವುದೇ ಮುಖ್ಯ.

ಸಾಲದ ಭಾರವೆಲ್ಲ ಅಡಗಿರುವುದು ಬಡ್ಡಿಯಲ್ಲಿ. ಹಳ್ಳಿಗಳಲ್ಲಿಯೂ ಪೇಟೆಯ ಸಂತೆಗಳಲ್ಲಿಯೂ ‘ನೂರಕ್ಕೆ ಐದು’ ಎಂದು ಬಡ್ಡಿಯನ್ನು ಹೇಳುವುದುಂಟು. ಕೇಳಲು ಅದು ಅಲ್ಪವೆನಿಸುತ್ತದೆ. ಆದರೆ ಆ ಐದು ರೂಪಾಯಿ ತಿಂಗಳಿಗೆ ಸಲ್ಲುವಂಥದು. ವರ್ಷಕ್ಕೆ ಅದು ನೂರಕ್ಕೆ ೬೦ ಆಗುತ್ತದೆ. ಬ್ಯಾಂಕು ಅಥವಾ ಸಹಕಾರ ಸಂಘವು ‘ನೂರಕ್ಕೆ ಹನ್ನೆರಡು’ ಎಂದಾಗ ಅದು ವರ್ಷದ ಲೆಕ್ಕ. ಅಕ್ಷರ ಬಲ್ಲವರೂ ಈ ಎರಡು ಮಾತುಗಳ ಅಂತರವನ್ನು ಗಮನಿಸದೆ, ಐದು ಹನ್ನೆರಡಕ್ಕಿಂತ ಚಿಕ್ಕದೆಂದು ಭ್ರಮಿಸಿ ಸಾಹುಕಾರನ ಜಗಲಿಯನ್ನೇರಿದ ನಿದರ್ಶನಗಳು ಕಡಮೆಯಲ್ಲ.

ಕೊಡಬೇಕಾದ ಬಡ್ಡಿಯನ್ನು ಕೊಡದೆ ಉಳಿಸಿದರೆ ಅದು ಅಸಲಿಗೆ ಸೇರಿ, ಆ ಬಡ್ಡಿಗೂ ಬಡ್ಡಿ ಹುಟ್ಟುತ್ತದೆ. ಇದೇ ಚಕ್ರಬಡ್ಡಿ. ತಿಂಗಳಿಗೆ ನೂರಕ್ಕೆ ಐದರಂತೆ ೧೦,೦೦೦ ರೂಪಾಯಿಗಳ ಸಾಲವನ್ನು ಮುಟ್ಟದೆ ಬಿಟ್ಟರೆ, ಚಕ್ರಬಡ್ಡಿಯ ಲೆಕ್ಕದಲ್ಲಿ ಒಂದು ವರ್ಷಕ್ಕೆ ಅದು ಸುಮಾರು ೧೭,೯೬೦ ರೂಪಾಯಿ, ಎರಡು ವರ್ಷಕ್ಕೆ ಸುಮಾರು ೩೨,೨೫೦ ರೂಪಾಯಿ, ಮೂರು ವರ್ಷಕ್ಕೆ ಸುಮಾರು ೫೭,೯೨೦ ರೂಪಾಯಿ ಆಗುತ್ತದೆ. ಅದೇ ಹತ್ತು ಸಾವಿರವು ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಚಕ್ರಬಡ್ಡಿಯಲ್ಲಿಯೇ ಬೆಳೆದರೂ ಮೂರು ವರ್ಷಕ್ಕೆ ಸುಮಾರು ೧೪,೦೫೦ ರೂಪಾಯಿ ಮಾತ್ರ. ಒಂದೇ ಬೀಜ, ಒಂದೇ ಕಾಲಾವಧಿ. ಆದರೆ ಒಂದು ಗಿಡವಾಗಿ ನಿಂತರೆ ಮತ್ತೊಂದು ಮನೆಯ ಗೋಡೆಯನ್ನೇ ಸೀಳುವ ಆಲದ ಬೇರಾಗುತ್ತದೆ. ಪ್ರಾಚೀನ ಭಾರತದ ಧರ್ಮಶಾಸ್ತ್ರಕಾರರು ಈ ಅಪಾಯವನ್ನು ಅರಿತಿದ್ದರು. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಕೂಡದೆಂಬ ನಿಯಮವು ‘ದಾಮ್‌ದುಪ್ಪಟ್’ ಎಂಬ ಹೆಸರಿನಲ್ಲಿ ಹಿಂದೂ ನ್ಯಾಯಪದ್ಧತಿಯಲ್ಲಿ ಬಹುಕಾಲ ನಡೆದುಬಂದಿತು.

ಬ್ರಿಟಿಷರ ಆಳ್ವಿಕೆಯಲ್ಲಿ ಭೂಕಂದಾಯವನ್ನು ನಗದಾಗಿ, ಗೊತ್ತಾದ ದಿನಕ್ಕೆ ಕಟ್ಟಬೇಕಾದಾಗ ರೈತನು ಸಾಹುಕಾರನನ್ನು ಆಶ್ರಯಿಸದೆ ಗತ್ಯಂತರವಿರಲಿಲ್ಲ. ಅಕ್ಷರವರಿಯದ ರೈತನ ಹೆಬ್ಬೆಟ್ಟಿನ ಗುರುತುಳ್ಳ ಸಾಲಪತ್ರವು ನ್ಯಾಯಾಲಯದಲ್ಲಿ ಅವನ ಹೊಲವನ್ನೇ ಕಸಿದುಕೊಳ್ಳುವ ಆಯುಧವಾಯಿತು. ೧೮೭೫ರ ಮೇ ತಿಂಗಳಿನಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಒಟ್ಟಾಗಿ ಸಾಹುಕಾರರ ಅಂಗಡಿಮನೆಗಳಿಗೆ ನುಗ್ಗಿದರು. ಆ ದಂಗೆ ನೆರೆಯ ಹಳ್ಳಿಗಳಿಗೂ ಹಬ್ಬಿತು. ರೈತರು ಮುಖ್ಯವಾಗಿ ಅರಸಿದ್ದು ಸಾಲಪತ್ರಗಳನ್ನು. ಅವನ್ನು ಸುಟ್ಟರೆ ತಮ್ಮ ಬಂಧನವೂ ಸುಟ್ಟುಹೋಗುವುದೆಂದು ಅವರು ನಂಬಿದ್ದರು. ಕಾಗದ ಸುಟ್ಟುಹೋದರೂ ಬಡತನ ಸುಡಲಿಲ್ಲ. ಆದರೆ ಸರಕಾರವು ಎಚ್ಚೆತ್ತು ವಿಚಾರಣೆಗೆ ಆಯೋಗವನ್ನು ನೇಮಿಸಿತು. ೧೮೭೯ರಲ್ಲಿ ದಖ್ಖನಿನ ವ್ಯವಸಾಯಗಾರರ ಪರಿಹಾರ ಕಾಯಿದೆ ಜಾರಿಗೆ ಬಂದಿತು. ಸಾಲಪತ್ರದಲ್ಲಿ ಬರೆದುದನ್ನಷ್ಟೇ ನಂಬದೆ ವ್ಯವಹಾರದ ಮೂಲವನ್ನು ಶೋಧಿಸುವ, ತೀರಿಸುವ ಹಣವನ್ನು ಕಂತುಗಳಾಗಿ ವಿಂಗಡಿಸುವ ಅಧಿಕಾರವನ್ನು ಅದು ನ್ಯಾಯಾಲಯಗಳಿಗೆ ಕೊಟ್ಟಿತು. ಸಾಲಕ್ಕಾಗಿ ವ್ಯವಸಾಯಗಾರನನ್ನು ಸೆರೆಗೆ ತಳ್ಳುವುದನ್ನು ನಿಲ್ಲಿಸಿತು. ಇಬ್ಬರನ್ನೂ ಕೂಡಿಸಿ ರಾಜಿ ಮಾಡಿಸುವ ಸಂಧಾನಕಾರರ ನೇಮಕಕ್ಕೂ ಅದರಲ್ಲಿ ಅವಕಾಶವಿತ್ತು.

ಸಾಲಗಾರ, ಸಾಲಕೊಟ್ಟವರು, ನಡುವೆ ನ್ಯಾಯವಾಗಿ ಮಾತನಾಡುವ ಮೂರನೆಯವನು, ಶಕ್ತಿಗೆ ತಕ್ಕ ಕಂತು - ಈ ನಾಲ್ಕು ಅಂಶಗಳು ಒಂದೆಡೆ ಸೇರಿದರೆ ಅದೇ ಸಾಲ ತೀರುವಳಿಯ ಯೋಜನೆ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆಯ ಬೆಲೆ ಕುಸಿದು, ಸಾಲ ಮಾತ್ರ ಹಾಗೆಯೇ ಉಳಿದಾಗ ಈ ಮಾರ್ಗದ ಅಗತ್ಯ ಇನ್ನೂ ಹೆಚ್ಚಿತು. ಮಧ್ಯಪ್ರಾಂತದಲ್ಲಿ ೧೯೩೩ರಲ್ಲಿ ಸಾಲ ಸಂಧಾನ ಕಾಯಿದೆಯಾಗಿ, ಸಂಧಾನ ಮಂಡಲಿಗಳು ಏರ್ಪಟ್ಟವು. ಮಂಡಲಿಯ ಮುಂದೆ ಇಬ್ಬರೂ ಕುಳಿತು, ನಿಜವಾಗಿ ತೀರಿಸಬಹುದಾದ ಮೊತ್ತವೆಷ್ಟೆಂದು ನಿಶ್ಚಯಿಸಿ, ಅದನ್ನು ವರ್ಷಗಳಿಗೆ ಹಂಚಿಕೊಳ್ಳುತ್ತಿದ್ದರು. ಗುಜರಾತಿನ ಭಾವನಗರ ಸಂಸ್ಥಾನದಲ್ಲಿ ದಿವಾನ ಪ್ರಭಾಶಂಕರ ಪಟ್ಟಣಿಯವರ ಕಾಲದಲ್ಲಿ ಸಂಸ್ಥಾನವೇ ಮುಂದೆ ಬಂದು, ರೈತರ ಸುಮಾರು ೮೬ ಲಕ್ಷ ರೂಪಾಯಿಗಳ ಸಾಲವನ್ನು ಸಾಹುಕಾರರೊಡನೆ ಮಾತನಾಡಿ ಸುಮಾರು ೨೦ ಲಕ್ಷಕ್ಕೆ ತೀರ್ಮಾನಿಸಿತು. ಆ ಹಣವನ್ನು ತಾನು ಕೊಟ್ಟು, ರೈತರಿಂದ ಕಂತುಗಳಲ್ಲಿ ಹಿಂದಕ್ಕೆ ಪಡೆಯುವ ವ್ಯವಸ್ಥೆ ಮಾಡಿತು. ಸಾಹುಕಾರರೂ ಇದಕ್ಕೆ ಒಪ್ಪಿದುದರಲ್ಲಿ ಆಶ್ಚರ್ಯವಿಲ್ಲ. ಎಂದೂ ಕೈಗೆ ಬಾರದ ನೂರು ರೂಪಾಯಿಗಳಿಗಿಂತ ಖಚಿತವಾಗಿ ಬರುವ ಇಪ್ಪತ್ತೈದು ರೂಪಾಯಿ ಮೇಲೆಂಬುದನ್ನು ವ್ಯಾಪಾರ ಬಲ್ಲವನು ಬೇಗ ಅರಿಯುತ್ತಾನೆ.

ಹಳೆಯ ಸಾಲ ತೀರಿದರೂ ಹೊಸ ಸಾಲಕ್ಕೆ ಒಳ್ಳೆಯ ಮೂಲ ದೊರೆಯದಿದ್ದರೆ ರೈತನು ಮತ್ತೆ ಅದೇ ಜಗಲಿಗೆ ಹೋಗಬೇಕಾಗುತ್ತದೆ. ಜರ್ಮನಿಯಲ್ಲಿ ಊರಾಡಳಿತದ ಅಧ್ಯಕ್ಷನಾಗಿದ್ದ ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬವನು ೧೮೬೪ರಲ್ಲಿ ರೈತರದೇ ಆದ ಸಾಲದ ಸಂಘವನ್ನು ಸ್ಥಾಪಿಸಿ ಇದಕ್ಕೆ ಪರಿಹಾರವನ್ನು ತೋರಿಸಿದನು. ಒಬ್ಬನಿಗೆ ಸಾಲ ಸಿಕ್ಕದಿದ್ದರೂ ಊರಿನವರೆಲ್ಲ ಒಬ್ಬರಿಗೊಬ್ಬರು ಹೊಣೆಯಾದರೆ ಸಾಲ ಸಿಕ್ಕುತ್ತದೆಂಬುದು ಅವನ ತತ್ತ್ವ. ಭಾರತದಲ್ಲಿ ೧೯೦೪ರಲ್ಲಿ ಸಹಕಾರ ಸಾಲ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ೧೯೦೫ರಲ್ಲಿ, ಇಂದಿನ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು ಕನ್ನಡನಾಡಿನ ಒಂದು ಚಿಕ್ಕ ಹಳ್ಳಿಯಲ್ಲಿ ಮೂಡಿತೆಂಬುದು ಹೆಮ್ಮೆಯ ಸಂಗತಿ. ಆದರೂ ದಾರಿ ದೀರ್ಘವಾಗಿತ್ತು. ೧೯೫೧-೫೨ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ಪ್ರಕಾರ, ರೈತರು ಪಡೆದ ಪ್ರತಿ ನೂರು ರೂಪಾಯಿಗಳ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಸುಮಾರು ೩ ರೂಪಾಯಿ ಮಾತ್ರ. ಲೇವಾದೇವಿಗಾರರಿಂದ ಬಂದದ್ದು ಸುಮಾರು ೭೦ ರೂಪಾಯಿ. ೧೯೬೯ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ, ೧೯೭೫ರಲ್ಲಿ ಗ್ರಾಮೀಣ ಬ್ಯಾಂಕುಗಳ ಸ್ಥಾಪನೆ, ೧೯೯೨ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯದ ಆರಂಭ - ಇವೆಲ್ಲ ಆ ಅನುಪಾತವನ್ನು ಬದಲಿಸಲು ಇಟ್ಟ ಹೆಜ್ಜೆಗಳು.

ಸಾಲವು ಮನುಷ್ಯನ ಸ್ವಾತಂತ್ರ್ಯವನ್ನೇ ನುಂಗಿದ ಉದಾಹರಣೆ ಜೀತಪದ್ಧತಿ. ತಂದೆ ಮಾಡಿದ ಕೆಲವು ನೂರು ರೂಪಾಯಿಗಳ ಸಾಲಕ್ಕೆ ಮಗನು, ಮೊಮ್ಮಗನು ಒಡೆಯನ ಹೊಲದಲ್ಲಿ ದುಡಿಯುತ್ತಿದ್ದರು. ಕೂಲಿಯನ್ನೆಲ್ಲ ಬಡ್ಡಿಗೆ ಜಮೆ ಮಾಡಿಕೊಂಡು, ಅಸಲು ಹಾಗೆಯೇ ಇದೆಯೆಂದು ಒಡೆಯನು ಹೇಳಿದರೆ ಅದನ್ನು ಅಲ್ಲಗಳೆಯಲು ಅವರ ಬಳಿ ಲೆಕ್ಕವಿರಲಿಲ್ಲ. ೧೯೭೬ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ಅಂಥ ಸಾಲಗಳೆಲ್ಲ ರದ್ದಾದವೆಂದು ಸಾರಿತು. ಅದೇ ವರ್ಷ ಕರ್ನಾಟಕದ ಋಣಪರಿಹಾರ ಕಾಯಿದೆಯು ಸಣ್ಣ ರೈತರನ್ನೂ ಭೂಹೀನ ಕೃಷಿಕಾರ್ಮಿಕರನ್ನೂ ದುರ್ಬಲವರ್ಗದವರನ್ನೂ ಖಾಸಗಿ ಸಾಲಗಳ ಹೊರೆಯಿಂದ ಬಿಡಿಸಲು ಯತ್ನಿಸಿತು. ೧೯೯೦ ಮತ್ತು ೨೦೦೮ರಲ್ಲಿ ಕೇಂದ್ರ ಸರಕಾರವು ರೈತರ ಸಾಲಗಳನ್ನು ಮನ್ನಾ ಮಾಡಿತು. ಮನ್ನಾ ಎಂಬುದು ಬಿಸಿಲಿನ ನಡುವೆ ಬಂದ ಒಂದು ಮಳೆ. ಅದು ಬ್ಯಾಂಕು ಮತ್ತು ಸಹಕಾರ ಸಂಘಗಳ ಕೃಷಿಸಾಲಕ್ಕೆ ಅನ್ವಯಿಸಿತೇ ಹೊರತು ಸಾಹುಕಾರನ ಕೈಸಾಲಕ್ಕೆ ಅಲ್ಲ. ಪೇಟೆಯ ಕೂಲಿಕಾರನಿಗೂ ಗುಮಾಸ್ತನಿಗೂ ಅಲ್ಲ. ಆದುದರಿಂದ ಪ್ರತಿಯೊಂದು ಸಂಸಾರವೂ ತನ್ನ ಸಾಲವನ್ನು ತಾನೇ ಯೋಜನೆ ಹಾಕಿ ತೀರಿಸುವ ಕ್ರಮವನ್ನು ಅರಿಯುವುದು ಅವಶ್ಯಕ.

ಆ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪಟ್ಟಣದ ಅಂಚಿನಲ್ಲಿ ವಾಸಿಸುವ ಒಂದು ಕುಟುಂಬ. ತಂದೆ ಗಾರೆಕೆಲಸದವನು, ತಾಯಿ ಮನೆಯಲ್ಲಿಯೇ ಬಟ್ಟೆ ಹೊಲಿಯುವವಳು, ಓದುತ್ತಿರುವ ಇಬ್ಬರು ಮಕ್ಕಳು. ಇಬ್ಬರ ದುಡಿಮೆಯಿಂದ ತಿಂಗಳಿಗೆ ೨೪,೦೦೦ ರೂಪಾಯಿ ಬರುತ್ತದೆ. ಮನೆಯ ಖರ್ಚು ೨೦,೦೦೦ ರೂಪಾಯಿ. ಎರಡು ವರ್ಷಗಳ ಹಿಂದೆ ತಂದೆಗೆ ಶಸ್ತ್ರಚಿಕಿತ್ಸೆಯಾದಾಗ ಸಾಹುಕಾರನಿಂದ ೪೦,೦೦೦ ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ ಐದರಂತೆ ತಂದಿದ್ದಾರೆ. ಸಹಕಾರ ಸಂಘದಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಗೆ ೬೦,೦೦೦ ರೂಪಾಯಿ, ಬ್ಯಾಂಕಿನಲ್ಲಿ ತಾಯಿಯ ಒಡವೆಗಳನ್ನು ಅಡವಿಟ್ಟು ಅದೇ ದರದಲ್ಲಿ ೩೦,೦೦೦ ರೂಪಾಯಿ ಸಾಲವಿದೆ. ಕಿರಾಣಿ ಅಂಗಡಿಯ ಬಾಕಿ ೧೦,೦೦೦, ತಾಯಿಯ ಅಣ್ಣನು ಬಡ್ಡಿಯಿಲ್ಲದೆ ಕೊಟ್ಟದ್ದು ೨೦,೦೦೦. ಒಟ್ಟು ಸಾಲ ೧,೬೦,೦೦೦ ರೂಪಾಯಿ.

ಮೊದಲ ಹೆಜ್ಜೆ ಎಲ್ಲ ಸಾಲಗಳನ್ನೂ ಒಂದೇ ಹಾಳೆಯ ಮೇಲೆ ಬರೆಯುವುದು. ಯಾರಿಗೆ ಕೊಡಬೇಕು, ಅಸಲೆಷ್ಟು, ಬಡ್ಡಿಯ ದರವೇನು, ಇದುವರೆಗೆ ಕೊಟ್ಟದ್ದೆಷ್ಟು, ಅಡವು ಏನಿದೆ, ಜಾಮೀನು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಸಾಮಾನ್ಯವಾಗಿ ಜನರು ಹೆದರುವುದು ಈ ಹೆಜ್ಜೆಗೇ. ಗಂಡನು ಮಾಡಿದ ಸಾಲ ಹೆಂಡತಿಗೆ, ಹೆಂಡತಿ ಮಾಡಿದ ಸಾಲ ಗಂಡನಿಗೆ ತಿಳಿಯದಿರುವ ಮನೆಗಳುಂಟು. ಬಚ್ಚಿಟ್ಟ ಸಾಲವು ಬಚ್ಚಿಟ್ಟ ರೋಗದಂತೆ ಒಳಗೇ ಬೆಳೆಯುತ್ತದೆ. ಮೇಲಿನ ಕುಟುಂಬವು ಹೀಗೆ ಬರೆದು ನೋಡಿದಾಗ ಒಂದು ಸತ್ಯ ಕಣ್ಣಿಗೆ ಬೀಳುತ್ತದೆ. ಸಾಹುಕಾರನಿಗೆ ತಿಂಗಳಿಗೆ ೨,೦೦೦ ರೂಪಾಯಿಗಳಂತೆ ಎರಡು ವರ್ಷಗಳಲ್ಲಿ ೪೮,೦೦೦ ರೂಪಾಯಿ ಬಡ್ಡಿ ಕೊಟ್ಟಾಗಿದೆ. ಆದರೂ ೪೦,೦೦೦ ರೂಪಾಯಿಗಳ ಅಸಲಿನಲ್ಲಿ ಒಂದು ರೂಪಾಯಿಯೂ ತಗ್ಗಿಲ್ಲ. ಸಂಘದ ಬಡ್ಡಿ ೬೦೦, ಒಡವೆಯ ಸಾಲದ ಬಡ್ಡಿ ೩೦೦ ಸೇರಿದರೆ ತಿಂಗಳಿಗೆ ೨,೯೦೦ ರೂಪಾಯಿ ಬಡ್ಡಿಗೇ ಹೋಗುತ್ತಿದೆ. ಖರ್ಚು ಕಳೆದು ಉಳಿಯುವುದೇ ೪,೦೦೦. ಹೀಗಿರುವಲ್ಲಿ ಹಬ್ಬಕ್ಕೋ ಜ್ವರಕ್ಕೋ ಮತ್ತೆ ಸಾಲ ಮಾಡದೆ ಬೇರೆ ದಾರಿಯೇ ಇರುವುದಿಲ್ಲ.

ಎರಡನೆಯ ಹೆಜ್ಜೆ ಆಯವ್ಯಯದ ಲೆಕ್ಕ. ಒಂದು ತಿಂಗಳು ಮನೆಗೆ ಬಂದ ಮತ್ತು ಮನೆಯಿಂದ ಹೋದ ಪ್ರತಿಯೊಂದು ರೂಪಾಯಿಯನ್ನೂ ಬರೆದಿಟ್ಟರೆ, ಖರ್ಚು ಎಲ್ಲಿ ಸೋರುತ್ತದೆಂಬುದು ತಾನಾಗಿಯೇ ತೋರುತ್ತದೆ. ಅನ್ನ, ಔಷಧ, ಬಾಡಿಗೆ, ಶಾಲೆ - ಇವುಗಳಲ್ಲಿ ಕಡಿತ ಮಾಡಬಾರದು. ಮಕ್ಕಳನ್ನು ಶಾಲೆ ಬಿಡಿಸಿ ಕೂಲಿಗೆ ಕಳಿಸಿ ಸಾಲ ತೀರಿಸುವುದು ಬಿತ್ತನೆಯ ಕಾಳನ್ನು ಬೇಯಿಸಿ ತಿಂದಂತೆ. ಹೋಟೆಲಿನ ಖರ್ಚು, ಬೀಡಿ ಎಲೆ ಅಡಕೆ, ಕಂತಿನ ಮೇಲೆ ಕೊಳ್ಳುವ ಹೊಸ ವಸ್ತುಗಳು, ಬೇಡದ ಉಡುಗೊರೆ - ಇವುಗಳಲ್ಲಿ ಹಿಡಿತ ಸಾಧ್ಯ. ಈ ಕುಟುಂಬವು ಹಾಗೆ ೨,೫೦೦ ರೂಪಾಯಿಗಳನ್ನು ಉಳಿಸಿತೆನ್ನಬಹುದು. ಅದರಲ್ಲಿ ೫೦೦ ರೂಪಾಯಿಗಳನ್ನು ಆಪದ್ಧನವೆಂದು ತಿಂಗಳು ತಿಂಗಳೂ ಬೇರೆಯಾಗಿ ಇಡಬೇಕು. ಸಾಲವಿರುವಾಗ ಉಳಿತಾಯವೇಕೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಸಣ್ಣ ಕಾಯಿಲೆಯೂ ಯೋಜನೆಯನ್ನು ಮುರಿದು ಮತ್ತೆ ಸಾಹುಕಾರನ ಬಳಿಗೆ ಕಳಿಸಬಲ್ಲದು. ಅದನ್ನು ತಡೆಯುವ ಕಟ್ಟೆಯೇ ಈ ಆಪದ್ಧನ. ೧೯೨೮ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈಯವರ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಹಣವನ್ನು ಸಂಗ್ರಹಿಸಿದಾಗ ಕೂಲಿಕಾರರೂ ಹಣ ಕೂಡಿಸಬಲ್ಲರೆಂಬುದು ಸಿದ್ಧವಾಯಿತು. ಈಗ ಈ ಕುಟುಂಬದಲ್ಲಿ ಆಪದ್ಧನವೂ ಸೇರಿ ಖರ್ಚು ೧೮,೦೦೦. ಸಾಲಕ್ಕೆ ಉಳಿಯುವುದು ೬,೦೦೦ ರೂಪಾಯಿ.

ಮೂರನೆಯ ಹೆಜ್ಜೆ ಸಂಧಾನ. ಸಾಲಕೊಟ್ಟವರಿಂದ ಮುಖ ಮರೆಸಿಕೊಳ್ಳುವುದಕ್ಕಿಂತ ತಾನಾಗಿಯೇ ಅವರ ಬಳಿಗೆ ಹೋಗಿ, ಲೆಕ್ಕದ ಹಾಳೆಯನ್ನು ಮುಂದಿಟ್ಟು, ‘ಇಷ್ಟು ಕೊಡಬಲ್ಲೆ, ತಪ್ಪದೆ ಕೊಡುತ್ತೇನೆ’ ಎಂದು ಹೇಳುವವನಿಗೆ ಗೌರವವಿದೆ. ಒಬ್ಬನೇ ಹೋಗಲು ಅಂಜಿಕೆಯಾದರೆ ಊರಿನ ಹಿರಿಯರನ್ನೋ, ಸಂಘದ ಕಾರ್ಯದರ್ಶಿಯನ್ನೋ, ಸಾಲದ ಸಲಹೆಗಾರರನ್ನೋ ಮಧ್ಯಸ್ಥರನ್ನಾಗಿ ಮಾಡಿಕೊಳ್ಳಬಹುದು. ಅಮೆರಿಕದಲ್ಲಿ ೧೯೫೧ರಷ್ಟು ಹಿಂದೆಯೇ ಇಂಥ ಸಲಹೆಗಾಗಿ ರಾಷ್ಟ್ರೀಯ ಪ್ರತಿಷ್ಠಾನವೊಂದು ಸ್ಥಾಪಿತವಾಯಿತು. ಅಲ್ಲಿನ ಪದ್ಧತಿಯಲ್ಲಿ ಸಾಲಗಾರನು ತಿಂಗಳಿಗೊಮ್ಮೆ ಒಂದೇ ಮೊತ್ತವನ್ನು ಸಲಹಾಸಂಸ್ಥೆಗೆ ಕಟ್ಟುತ್ತಾನೆ. ಸಂಸ್ಥೆಯು ಸಾಲಕೊಟ್ಟವರೊಡನೆ ಮಾತನಾಡಿ, ಬಡ್ಡಿಯನ್ನು ತಗ್ಗಿಸಿ, ಆ ಮೊತ್ತವನ್ನು ಎಲ್ಲರಿಗೂ ಹಂಚುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಲ್ಲಿ ಸಾಲ ತೀರುತ್ತದೆ. ಭಾರತದಲ್ಲಿ ೨೦೦೬ರಲ್ಲಿ ಮುಂಬಯಿಯಲ್ಲಿ ಬ್ಯಾಂಕ್ ಆಫ್ ಇಂಡಿಯಾ ‘ಅಭಯ’ ಎಂಬ ಸಲಹಾಕೇಂದ್ರವನ್ನು ತೆರೆಯಿತು. ೨೦೦೯ರಲ್ಲಿ ರಿಸರ್ವ್ ಬ್ಯಾಂಕು ಇಂಥ ಕೇಂದ್ರಗಳಿಗೆ ಮಾದರಿ ಯೋಜನೆಯೊಂದನ್ನು ರೂಪಿಸಿತು. ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರಗಳು ಅದರ ಮುಂದುವರಿಕೆ. ವ್ಯಾಜ್ಯಕ್ಕೆ ಬಂದ ಸಾಲಗಳನ್ನು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಅಲ್ಲಿ ಆದ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ.

ಉದಾಹರಣೆಯ ಕುಟುಂಬವು ಮಧ್ಯಸ್ಥರೊಡನೆ ಸಾಹುಕಾರನನ್ನು ಕಾಣುತ್ತದೆ. ಅಸಲಿಗಿಂತ ಹೆಚ್ಚು ಬಡ್ಡಿ ಈಗಾಗಲೇ ಸಂದಿದೆಯೆಂಬುದನ್ನೂ, ಮಿತಿಮೀರಿದ ಬಡ್ಡಿಯನ್ನು ವಿಧಿಸುವುದು ಕರ್ನಾಟಕದ ೨೦೦೪ರ ಕಾಯಿದೆಯಂತೆ ಅಪರಾಧವೆಂಬುದನ್ನೂ ಮಧ್ಯಸ್ಥರು ವಿನಯದಿಂದಲೇ ನೆನಪಿಸುತ್ತಾರೆ. ಅಂದಿನಿಂದ ಬಡ್ಡಿ ನಿಲ್ಲಿಸಿ, ೪೦,೦೦೦ ರೂಪಾಯಿಗಳ ಅಸಲನ್ನು ತಿಂಗಳಿಗೆ ೨,೦೦೦ ರೂಪಾಯಿಗಳಂತೆ ೨೦ ಕಂತುಗಳಲ್ಲಿ ಪಡೆಯಲು ಸಾಹುಕಾರನು ಒಪ್ಪುತ್ತಾನೆ. ಒಪ್ಪಂದವನ್ನು ಬರೆಹದಲ್ಲಿಟ್ಟು ಇಬ್ಬರೂ ಸಹಿ ಮಾಡುತ್ತಾರೆ. ಹಿಂದೆ ಬಡ್ಡಿಯೆಂದು ಹೋಗುತ್ತಿದ್ದ ಅದೇ ೨,೦೦೦ ರೂಪಾಯಿ ಈಗ ಅಸಲನ್ನು ಕರಗಿಸತೊಡಗುತ್ತದೆ.

ನಾಲ್ಕನೆಯ ಹೆಜ್ಜೆ ಹಂಚಿಕೆ. ತಿಂಗಳಿನ ೬,೦೦೦ ರೂಪಾಯಿಗಳಲ್ಲಿ ಸಾಹುಕಾರನಿಗೆ ೨,೦೦೦, ಸಂಘಕ್ಕೆ ೨,೦೦೦, ಒಡವೆಯ ಸಾಲಕ್ಕೆ ೧,೦೦೦, ಕಿರಾಣಿ ಅಂಗಡಿಗೆ ೫೦೦, ತಾಯಿಯ ಅಣ್ಣನಿಗೆ ೫೦೦. ಇಪ್ಪತ್ತು ತಿಂಗಳಿಗೆ ಸಾಹುಕಾರನ ಸಾಲವೂ ಅಂಗಡಿಯ ಬಾಕಿಯೂ ತೀರಿಹೋಗುತ್ತವೆ. ಆಗ ಬಿಡುವಾದ ೨,೫೦೦ ರೂಪಾಯಿಗಳನ್ನು ಖರ್ಚಿಗೆ ಎಳೆದುಕೊಳ್ಳದೆ ಉಳಿದ ಸಾಲಗಳಿಗೆ ಸೇರಿಸುವುದೇ ಈ ಯೋಜನೆಯ ಜೀವಾಳ. ಹಾಗೆ ಸೇರಿಸಿದರೆ ತಾಯಿಯ ಅಣ್ಣನ ಉಳಿದ ಹಣ ನಾಲ್ಕು ತಿಂಗಳಲ್ಲಿ ಸಲ್ಲುತ್ತದೆ. ಅನಂತರ ಪೂರ್ತಿ ೬,೦೦೦ ರೂಪಾಯಿ ಸಂಘಕ್ಕೂ ಬ್ಯಾಂಕಿಗೂ ಹೋಗಿ, ಇನ್ನು ಆರು ತಿಂಗಳಲ್ಲಿ ಎರಡೂ ತೀರುತ್ತವೆ. ಎರಡೂವರೆ ವರ್ಷಕ್ಕೆ ಕುಟುಂಬವು ಋಣಮುಕ್ತವಾಗುತ್ತದೆ. ತಾಯಿಯ ಒಡವೆಗಳು ಮನೆಗೆ ಬರುತ್ತವೆ. ಈ ಅವಧಿಯಲ್ಲೆಲ್ಲ ಕೊಟ್ಟ ಬಡ್ಡಿ ೨೦,೦೦೦ ರೂಪಾಯಿಗಳಿಗಿಂತ ಕಡಮೆ. ಹಿಂದಿನ ಕ್ರಮದಲ್ಲಾದರೆ ಒಂದೇ ವರ್ಷದ ಬಡ್ಡಿ ೩೪,೮೦೦ ರೂಪಾಯಿ ಆಗುತ್ತಿತ್ತು.

ಸಂಧಾನಕ್ಕೆ ಸಾಹುಕಾರನು ಒಪ್ಪದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಏಳುವುದು ಸಹಜ. ಆಗ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವುದು ಲೆಕ್ಕದ ನಿಯಮ. ಉಳಿದವುಗಳಿಗೆ ಕನಿಷ್ಠ ಕಂತನ್ನು ಕಟ್ಟುತ್ತಾ, ಸಾಧ್ಯವಿದ್ದಷ್ಟನ್ನೂ ಆ ಒಂದಕ್ಕೆ ಸುರಿಯಬೇಕು. ಕಡಮೆ ಬಡ್ಡಿಯ ಸಾಲ ತಂದು ಹೆಚ್ಚು ಬಡ್ಡಿಯದನ್ನು ತೀರಿಸುವುದೂ ವಿವೇಕವೇ. ಆದರೆ ಒಂದರ ಕಂತು ಕಟ್ಟಲು ಅಷ್ಟೇ ಬಡ್ಡಿಯ ಮತ್ತೊಂದನ್ನು ತರುವುದು ಒಂದು ಗುಂಡಿಯನ್ನು ಮುಚ್ಚಲು ಮತ್ತೊಂದನ್ನು ತೋಡಿದಂತೆ. ಇಂದು ಮೊಬೈಲ್ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಸಾಲ ಕೊಡುವವರಿದ್ದಾರೆ. ಜಾಮೀನು ಕೇಳದ ಕೈಯು ವಸೂಲಿಯ ವೇಳೆ ಕರುಣೆಯನ್ನೂ ಬಲ್ಲದೆಂದು ನಂಬುವಂತಿಲ್ಲ.

ಸಾಲ ಮಾಡಿದವನಿಗೆ ಕರ್ತವ್ಯವಿರುವಂತೆ ಹಕ್ಕುಗಳೂ ಇವೆ. ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಹೊರಡಿಸಿದ ನಿಯಮದಂತೆ, ಕಿರುಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತುಗಳು ಸೇರಿ ಅದರ ಮಾಸಿಕ ವರಮಾನದ ಅರ್ಧವನ್ನು ಮೀರಬಾರದು. ಬ್ಯಾಂಕುಗಳ ಪರವಾಗಿ ವಸೂಲಿಗೆ ಬರುವವರು ಬೈಯುವುದು, ಬೆದರಿಸುವುದು, ನಾಲ್ವರ ಮುಂದೆ ಅವಮಾನಿಸುವುದು ನಿಷಿದ್ಧ. ಕರ್ನಾಟಕದಲ್ಲಿ ಕಿರುಸಾಲಗಳ ವಸೂಲಿಯ ಹಿಂಸೆ ಹೆಚ್ಚಿ, ತಾಳಲಾರದೆ ಕೆಲವರು ಊರು ಬಿಟ್ಟು, ಕೆಲವರು ಪ್ರಾಣವನ್ನೇ ಬಿಟ್ಟ ಘಟನೆಗಳು ನಡೆದಾಗ, ೨೦೨೫ರಲ್ಲಿ ಬಲಾತ್ಕಾರದ ವಸೂಲಿಯನ್ನು ಶಿಕ್ಷಾರ್ಹಗೊಳಿಸುವ ಕಾಯಿದೆಯನ್ನು ರಾಜ್ಯವು ಮಾಡಿತು. ಸಾಲವೆಂಬುದು ಎಷ್ಟೇ ದೊಡ್ಡದಾದರೂ ಒಂದು ಅಂಕಿ ಮಾತ್ರ. ಅಂಕಿಯನ್ನು ಕಳೆಯಬಹುದು, ಭಾಗಿಸಬಹುದು, ಕಾಲಕ್ಕೆ ಹಂಚಬಹುದು. ಹೋದ ಪ್ರಾಣವನ್ನು ಯಾವ ಲೆಕ್ಕವೂ ಮರಳಿಸಲಾರದು.

ಯೋಜನೆಯನ್ನು ಹಾಕುವುದು ಒಂದು ದಿನದ ಕೆಲಸ. ಅದನ್ನು ನಡೆಸುವುದು ಹಲವು ನೂರು ದಿನಗಳ ತಪಸ್ಸು. ಪ್ರತಿ ಕಂತಿಗೂ ರಸೀತಿ ಪಡೆಯಬೇಕು. ಸಾಲ ತೀರಿದ ದಿನ ಸಾಲಪತ್ರವನ್ನೂ, ಬರೆದುಕೊಟ್ಟ ಚೆಕ್ಕುಗಳನ್ನೂ, ಅಡವಿನ ವಸ್ತುಗಳನ್ನೂ ಹಿಂದಕ್ಕೆ ಪಡೆಯಬೇಕು; ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಬರೆಸಿಕೊಳ್ಳಬೇಕು. ವರಮಾನ ಕುಂದಿದರೆ ಕಂತನ್ನು ತಪ್ಪಿಸಿ ಸುಮ್ಮನಿರದೆ, ಮುಂಚಿತವಾಗಿಯೇ ಹೋಗಿ ಹೇಳಿ ಹೊಸ ಕಂತನ್ನು ಗೊತ್ತುಮಾಡಿಕೊಳ್ಳಬೇಕು. ಮನೆಯ ಮಕ್ಕಳೂ ಇದರಲ್ಲಿ ಪಾಲುಗಾರರಾಗಬಹುದು. ಶಾಲೆಯಲ್ಲಿ ಕಲಿತ ಬಡ್ಡಿಯ ಲೆಕ್ಕ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೇ ಮುಗಿಯುವಂಥದಲ್ಲ. ಅಕ್ಷರವರಿಯದ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಸಾಲಪತ್ರವನ್ನು ಓದಿ ಹೇಳಿ, ತಿಂಗಳ ಬಡ್ಡಿಯನ್ನು ವರ್ಷದ ಬಡ್ಡಿಯಾಗಿ ಪರಿವರ್ತಿಸಿ ತೋರಿಸುವ ವಿದ್ಯಾರ್ಥಿಯು ಆ ಮನೆಗೆ ಮಾಡುವ ಉಪಕಾರ ಸಣ್ಣದಲ್ಲ. ಹಿಂದೆ ಹೆಬ್ಬೆಟ್ಟಿನ ಗುರುತೊಂದು ಹೊಲಗದ್ದೆಗಳನ್ನು ನುಂಗಿತು; ಇಂದು ಅಕ್ಷರ ಬಲ್ಲ ಕೈಯೊಂದು ಅವನ್ನು ಕಾಯಬಲ್ಲದು.

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದರಲ್ಲಿ ಮನುಷ್ಯನ ಮಾನವಿದೆ. ಶಕ್ತಿಗೆ ಮೀರಿದ ಮಾತನ್ನು ಕೊಡದಿರುವುದರಲ್ಲಿ ಅವನ ವಿವೇಕವಿದೆ. ಸಾಲಕೊಟ್ಟವನು ನ್ಯಾಯವನ್ನೂ ಸಾಲಪಡೆದವನು ನೇಮವನ್ನೂ ಬಿಡದಿದ್ದರೆ ಋಣವು ಇಬ್ಬರಿಗೂ ಶತ್ರುವಾಗಲಾರದು. ತಿಂಗಳು ತಿಂಗಳೂ ತಪ್ಪದೆ ಸಲ್ಲಿಸಿದ ಸಣ್ಣ ಕಂತು, ಹನಿಗೂಡಿ ಹಳ್ಳವಾಗುವಂತೆ, ಕೊನೆಗೊಂದು ದಿನ ಸಂಸಾರವನ್ನು ದಡಕ್ಕೆ ತಲುಪಿಸುತ್ತದೆ.